ಬಿಳಿ ಜರ್ಸಿಯ ಮೇಲಿನ ಎಡಗೈ

ಬೆಳಗಿನ ಆರೂ ಇಪ್ಪತ್ತು. ಜರ್ಸಿಯ ಎದೆಯ ಮೇಲಿನ ಕೈಗುರುತು ಎಂಟನೆಯ ಸಲ ಒಗೆದರೂ ಹೋಗಲಿಲ್ಲ.

ಪುಣೆಯ ಭವಾನಿ ಪೇಠೆಯ ವಾಡೆಯ ಅಂಗಳದಲ್ಲಿ, ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಸಾವಂತ್ರವ್ವ ಅದನ್ನು ಬಡಿಯುತ್ತಿದ್ದ ಸದ್ದು ಒಳಗೆ ಪೂಜೆಗೆ ಕುಳಿತ ಅವಳ ಗಂಡ ರಾಮಲಿಂಗಪ್ಪನಿಗೆ ಕೇಳುತ್ತಿತ್ತು. ಮೂರು ಬಡಿತ, ಒಂದು ನಿಲುಗಡೆ, ಮತ್ತೆ ಮೂರು ಬಡಿತ: ಮಿಸ್ ಹೊಡೆಯುವ ಎಂಜಿನ್ನಿನ ಹಾಗೆ. ಅವನು ಕೊರಳಿನ ಶಿವದಾರ ಬಿಚ್ಚಿ, ಬೆಳ್ಳಿಯ ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಿದ್ದ. ಎಡಗೈಯಲ್ಲೇ ಇಡಬೇಕು, ಅದು ಪದ್ಧತಿ. ರೇಸಿನ ಮೋಟರ್ ಸೈಕಲ್ಲಿನ ಕ್ಲಚ್ಚೂ ಎಡಗೈಯದೇ, ಅದು ಇಂಗ್ಲೆಂಡಿನವರ ಪದ್ಧತಿ. ಹನ್ನೊಂದು ವರ್ಷದಿಂದ ಎರಡೂ ಪದ್ಧತಿಗಳು ಒಂದೇ ಕೈಯಲ್ಲಿ ಜಗಳವಿಲ್ಲದೆ ಇದ್ದವು. ಇಂದು ಶುಕ್ರವಾರ, ಫೆಬ್ರುವರಿ ಹತ್ತೊಂಬತ್ತು, ೧೯೩೭. ಜಗಳ ಶುರುವಾಗಿ ಹತ್ತೊಂಬತ್ತು ದಿನ. ದೃಷ್ಟಿ ಲಿಂಗದ ಮೇಲೆ ನಿಲ್ಲಬೇಕು, ನಿಲ್ಲುತ್ತಿರಲಿಲ್ಲ. ಅಂಗೈಯ ಗೆರೆಗಳಲ್ಲಿ ಇಳಿದು, ಶಿರೂರಿನ ರಸ್ತೆಯಲ್ಲಿ ಇಪ್ಪತ್ತಾರನೆಯ ಮೈಲಿಗಲ್ಲಿನ ತನಕ ಹೋಗಿ, ಅಲ್ಲಿನ ಎಡತಿರುವಿನಲ್ಲಿ ನಿಂತುಬಿಡುತ್ತಿತ್ತು.

ಹೊರಗೆ ಪಕ್ಕದ ಮನೆಯ ಭಾಮಾ ಮರಾಠಿಯಲ್ಲಿ ಏನೋ ಅಂದಳು, ಇಬ್ಬರೂ ನಕ್ಕರು. ಅವನು ವಿಭೂತಿ ಹಚ್ಚಿಕೊಂಡು ಬಾಗಿಲಿಗೆ ಬಂದಾಗ ಸಾವಂತ್ರವ್ವ ಒದ್ದೆ ಜರ್ಸಿಯನ್ನು ಹಗ್ಗದ ಮೇಲೆ ಅಗಲಿಸುತ್ತಿದ್ದಳು. ಬಿಳಿ ಬಟ್ಟೆ, ಬೆನ್ನಿಗೆ ಕೆಂಪು ಅಕ್ಷರದಲ್ಲಿ ಅವಧೂತ ಮೋಟಾರ್ ಸ್ಟೋರ್ಸ್, ಎದೆಗೆ ಬೂದುಬಣ್ಣದ ಒಂದು ಅಂಗೈ.

"ಸೋಡಾ ಆತು, ನಿಂಬಿಹಣ್ಣ ಆತು, ಅಂಟವಾಳ ಆತು. ಐದೂ ಬೆರಳು ಎಣಿಸೂಹಂಗ ಅದಾವ ನೋಡ್ರಿ," ಅಂದಳು ಸಾವಂತ್ರವ್ವ. "ಹೊಸಾ ಮನೀ ಗ್ವಾಡಿಗೆ ಅರಿಷಿಣದ ಕೈ ಒತ್ತಿದಂಗ ಅದ ಅಂತಾಳ ಭಾಮಾ."

"ಗ್ರೀಸು. ಹೋಗೂದಿಲ್ಲ ಬಿಡು."

"ಭಾನುವಾರ ಇದನ್ನ ಹಾಕ್ಕೋಬೇಕಲ್ಲ ನೀವು?" ಅವಳು ತನ್ನ ಅಂಗೈಯನ್ನು ಆ ಗುರುತಿನ ಮೇಲೆ ಇಟ್ಟಳು. ಬಲಗೈ ಇಟ್ಟಳು, ಹೆಬ್ಬೆರಳು ತಪ್ಪು ದಿಕ್ಕಿಗೆ ಹೋಯಿತು. ಎಡಗೈ ಇಟ್ಟಳು, ಕೂತಿತು. ಅವನ ಕೈ ಅವಳದಕ್ಕಿಂತ ಬೆರಳಗಲ ದೊಡ್ಡದು, ಅಷ್ಟೇ. "ಎಡಗೈರಿ," ಅಂದಳು. "ರೊಟ್ಟಿ ಆರತಾವ, ಬರ್ರಿ."

ಅವಳಿಗೆ ಏನೂ ಗೊತ್ತಿಲ್ಲವೆಂದು ಅವನು ಶೇಂಗಾ ಚಟ್ನಿಯನ್ನು ರೊಟ್ಟಿಯ ಮೇಲೆ ಹರಡುತ್ತ ನಿಶ್ಚಯ ಮಾಡಿಕೊಂಡ. ಯಾರಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟು, ಅದು ಪತ್ರಿಕೆಯಲ್ಲೂ ಬಂದಿತ್ತು: ಜನವರಿ ಮೂವತ್ತೊಂದು, ಭಾನುವಾರ, ಯೆರವಡೆಯ ಸೇತುವೆಯ ಆಚೆಯಿಂದ ಶಿರೂರಿನ ಹೊರವಲಯದ ತನಕ ನಲವತ್ತು ಮೈಲಿ, ಒಂಬತ್ತು ಗಾಡಿಗಳು, ಒಂದೊಂದು ನಿಮಿಷದ ಅಂತರದಲ್ಲಿ ಬಿಟ್ಟದ್ದು, ಖಡಕಿ ದಂಡಿನ ಗೋರಾ ಸಾರ್ಜೆಂಟನಿಗೆ ನಲವತ್ತೊಂದು ನಿಮಿಷ ಹದಿನಾಲ್ಕು ಸೆಕೆಂಡು, ರಾಮಲಿಂಗಪ್ಪನಿಗೆ ನಲವತ್ತೊಂದು ನಿಮಿಷ ಹದಿನೆಂಟು. "ಮೆಕ್ಯಾನಿಕನ ಅಜಾಗರೂಕತೆಯಿಂದ ಕಾರ್ಬುರೇಟರಿನಲ್ಲಿ ಕಸ ಸಿಕ್ಕು ಸ್ವದೇಶಿ ಸವಾರನಿಗೆ ನಾಲ್ಕು ಸೆಕೆಂಡಿನ ಸೋಲು." ಆ ವಾಕ್ಯದಲ್ಲಿ ನಾಲ್ಕು ಸೆಕೆಂಡು ಮಾತ್ರ ನಿಜ. ಶಿರೂರಿನಲ್ಲಿ ಗಾಡಿ ನಿಲ್ಲಿಸಿದಾಗ ಕಿವಿಯಲ್ಲಿ ಇನ್ನೂ ಗಾಳಿ ಮೊರೆಯುತ್ತಿತ್ತು, ಮಾಲೀಕ ಅವಧೂತರಾಯರ ಮುಖ ಬಾಯಿ ತೆರೆದು ಮುಚ್ಚುತ್ತಿದ್ದದ್ದಷ್ಟೇ ಕಾಣುತ್ತಿತ್ತು. ಏನಾಯಿತು ಅಂತ ಕೇಳುತ್ತಿರಬೇಕು ಅಂದುಕೊಂಡ. "ಕಾರ್ಬುರೇಟರ್," ಅಂದಿತು ಅವನ ಬಾಯಿ. ಯಾರೋ ಹಿಂದೆ ನಿಂತು ಹೇಳಿದ ಹಾಗೆ ಆ ಮಾತು ಅವನಿಗೇ ಕೇಳಿಸಿತು. ಎರಡು ಮಾರು ದೂರದಲ್ಲಿ ಮೆಕ್ಯಾನಿಕ್ ಏಕನಾಥ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಅವನು ತಂಬಿಗೆಯನ್ನು ಕೊಟ್ಟ, ರಾಮಲಿಂಗಪ್ಪ ಕುಡಿದ. ನೀರು ತಣ್ಣಗಿತ್ತು. ಅದು ತಣ್ಣಗಿದ್ದದ್ದೇ ಈಗ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಅದಾದ ಮೂರನೆಯ ದಿನ ಅವಧೂತರಾಯರು ಏಕನಾಥನನ್ನು ರೇಸಿನ ಗಾಡಿಯಿಂದ ತೆಗೆದು ಮುಂದಿನ ಅಂಗಡಿಯಲ್ಲಿ ಸೈಕಲ್ಲಿನ ಪಂಕ್ಚರಿಗೆ ಕೂರಿಸಿದರು. ಹದಿನಾರು ವರ್ಷ ಎಂಜಿನ್ ಬಿಚ್ಚಿದ ಕೈ. ಏಕನಾಥ ಜಗಳವಾಡಲಿಲ್ಲ, ಭೋರಿನಲ್ಲಿ ಒಂದು ಬಸ್ ಕಂಪನಿಯವರಿಗೆ ಮೆಕ್ಯಾನಿಕ್ ಬೇಕಾಗಿದ್ದ, ಅಲ್ಲಿಗೆ ಬರುತ್ತೇನೆಂದು ಕಾರ್ಡು ಬರೆದ. ಇಂದು ಹನ್ನೊಂದು ಗಂಟೆಯ ಬಸ್ಸಿಗೆ ಹೋಗುವವನಿದ್ದ. ಅವನು ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟ. ಹನ್ನೊಂದು ಕಳೆದರೆ ಎಲ್ಲ ಸಲೀಸು ಎಂದು ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕಿತು. ಮನಸ್ಸಿಗೆ ಅಂಥ ಒಂದು ಮೂಲೆ ಇದೆಯೆಂಬುದು ಅವನಿಗೆ ಈಚೆಗೆ ಗೊತ್ತಾಗಿತ್ತು. ವಾಡೆಯ ಮೆಟ್ಟಿಲ ಕೆಳಗಿನ ಕತ್ತಲೆಯ ಹಾಗೆ, ಅಲ್ಲಿ ಯಾರೂ ಗುಡಿಸುತ್ತಿರಲಿಲ್ಲ.

ಎಂಟೂ ಹತ್ತಕ್ಕೆ ಅವನು ಸೈಕಲ್ ಹತ್ತಿ ಹೊರಟ. ಗಂಟೆಗೆ ಅರವತ್ತು ಮೈಲಿ ಹೋಗುವುದೇ ನೌಕರಿಯಾದ ಮನುಷ್ಯ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವುದು ಪೇಠೆಯವರಿಗೆ ಹನ್ನೊಂದು ವರ್ಷದಿಂದ ಹಳೆಯದಾಗದ ತಮಾಷೆ. ಹಾಲಿನವನೊಬ್ಬ ಕ್ಯಾನು ಕಟ್ಟಿಕೊಂಡು ಅವನನ್ನು ಹಿಂದೆ ಹಾಕಿದ, ಹಿಂದೆ ಹಾಕಿ ತಿರುಗಿ ನೋಡಿದ. ಬೆಲ್ಲದ ಅಡತಿಯ ಮುಂದೆ, ನೊಣಗಳ ನಡುವೆ, ಗುಮಾಸ್ತ ಮುರುಗೆಪ್ಪ ಹಲ್ಲು ಉಜ್ಜುತ್ತ ನಿಂತಿದ್ದ. ಗದಗಿನ ಕಡೆಯವನು, ದೂರದ ಸಂಬಂಧದಲ್ಲಿ ಮಾವನಾಗಬೇಕು. ರೈಲು ಬಿಟ್ಟರೆ ಬೇರೆ ಯಂತ್ರದ ಮೇಲೆ ನಂಬಿಕೆಯಿಲ್ಲದವನು.

"ಏನಪಾ ರಾಮಲಿಂಗ, ಕಾರ್ಬುರೇಟರ್ ಹೆಂಗದ ಈಗ?"

"ಅರಾಮ ಅದರಿ ಮಾವಾ."

"ಹೊಟ್ಟಿ ಹಿಡದಿತ್ತಂತ ಕೇಳಿದೆ. ಕಸಾ ತಿಂದಿತ್ತಂತಲ್ಲ. ವಾರಕ್ಕೊಮ್ಮಿ ಔಡಲೆಣ್ಣಿ ಹಾಕು, ಏನೂ ಆಗೂದಿಲ್ಲ. ನಮ್ಮ ಎತ್ತಿಗೆ ಹಂಗ ಮಾಡತಿದ್ವಿ."

ಚಹದಂಗಡಿಯಲ್ಲಿ ಕುಳಿತಿದ್ದವರು ನಕ್ಕರು. ಅವನೂ ನಕ್ಕ. ಮುರುಗೆಪ್ಪ ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ ತಿಳಿಯಲಿಲ್ಲ. ರೇಸಿನ ಗಾಡಿಗಳು ಕೆಲವು ಔಡಲೆಣ್ಣೆಯ ಮೇಲೇ ಓಡುತ್ತವೆಂದು ಮುರುಗೆಪ್ಪನಿಗೆ ಹೇಳುವ ಆಸೆಯಾಯಿತು, ಆದರೆ ಪೆಡಲ್ ತುಳಿದ. ಇಷ್ಟೆಲ್ಲ ಜನ ತನ್ನ ಸುಳ್ಳಿನ ಆರೋಗ್ಯ ವಿಚಾರಿಸುತ್ತಿದ್ದರು. ಸುಳ್ಳು ಗುಣವಾಗಿತ್ತು, ಚೆನ್ನಾಗಿ ಉಣ್ಣುತ್ತಿತ್ತು, ಮೈ ತುಂಬಿಕೊಂಡಿತ್ತು.

ಕ್ವಾರ್ಟರ್ ಗೇಟಿನ ಹತ್ತಿರ ಒಂದು ಎತ್ತಿನ ಗಾಡಿ ರಸ್ತೆಗೆ ಅಡ್ಡ ಬಂದು ನಿಂತಿತು, ಅವನು ಒಂದು ಕಾಲು ನೆಲಕ್ಕೆ ಊರಿ ಕಾದ. ಕಾಯುವಾಗ ಎಡಗೈ ತಾನಾಗಿ ಎದೆಗೆ ಹೋಗಿ ಕರಡಿಗೆಯನ್ನು ಮುಟ್ಟಿ ಬಂತು. ದಿನಕ್ಕೆ ಎಷ್ಟು ಸಲ ಹೀಗೆ ಮುಟ್ಟುತ್ತಾನೋ ಲೆಕ್ಕವಿಲ್ಲ. ಅಪ್ಪ ಶಿವರುದ್ರಪ್ಪ ಮುಟ್ಟುತ್ತಾನೆ, ಮುರುಗೆಪ್ಪ ಮುಟ್ಟುತ್ತಾನೆ. ಬಾವಿಗೆ ಬಗ್ಗುವಾಗ, ರೈಲು ಇಳಿಯುವಾಗ, ಜಗಳಕ್ಕೆ ಮುಂಚೆ. ಅಜ್ಜಿ ಗೌರಾಬಾಯಿ ಹೇಳಿದ ಕತೆಯಲ್ಲಿ ಒಬ್ಬ ಮನುಷ್ಯನ ಲಿಂಗ ಈಜುವಾಗ ಹೊಳೆಗೆ ಬಿತ್ತು. ಅವನು ಮೂರು ದಿನ ನೀರು ಬಿಟ್ಟು ಮೇಲೆ ಬರಲಿಲ್ಲ, ಅನ್ನ ಮುಟ್ಟಲಿಲ್ಲ. "ಆಮ್ಯಾಲ ಸಿಕ್ತೇನಜ್ಜಿ?" "ಸಿಗಲಾರದ ಕತಿ ಹೇಳತಾರೇನು ಹುಚ್ಚಪ್ಪಾ?" ಅಂದಿದ್ದಳು ಅಜ್ಜಿ. ಆದರೆ ಎಂಟು ವರ್ಷದ ರಾಮಲಿಂಗನಿಗೆ ಸಿಕ್ಕದ್ದು ನೆನಪಿನಲ್ಲಿ ಉಳಿಯಲಿಲ್ಲ, ಆ ಮೂರು ದಿನ ಉಳಿಯಿತು. ರೇಸಿನ ದಿನ ಇಪ್ಪತ್ತಾರನೆಯ ಮೈಲಿಯಲ್ಲಿ ಗಾಡಿಯನ್ನು ಎಡಕ್ಕೆ ಓರೆ ಮಾಡಿದ ಕ್ಷಣ ಎದೆಯ ಮೇಲಿನ ಭಾರ ಇಲ್ಲದಂತಾಯಿತು. ಶಿವದಾರ ಸಡಿಲಾಗಿ ಕರಡಿಗೆ ಬಗಲಿಗೆ ಸರಿದಿತ್ತು, ಅಷ್ಟೇ. ಅವನಿಗೆ ಅದು ತಿಳಿಯುವ ಮುಂಚೆ ಕೈಗೆ ತಿಳಿಯಬೇಕಾಗಿತ್ತು. ಕೈ ಹ್ಯಾಂಡಲ್ ಬಿಟ್ಟಿತು. ಎದೆಯನ್ನು ಒತ್ತಿತು, ಬಗಲಿಗೆ ಸರಿಯಿತು, ಮುಟ್ಟಿತು. ಮುಂದಿನ ಚಕ್ರ ಡಾಂಬರು ಬಿಟ್ಟು ರಸ್ತೆಬದಿಯ ಮುರಮಿಗೆ ಇಳಿಯಿತು, ಕಲ್ಲು ಸಿಡಿದವು, ಹುಣಸೆಮರವೊಂದು ಬಹಳ ಹತ್ತಿರ ಬಂದು, ಮನಸ್ಸು ಬದಲಾಯಿಸಿದಂತೆ ಪಕ್ಕಕ್ಕೆ ಹೋಯಿತು. ಲಿಂಗ ಇತ್ತು. ನಾಲ್ಕು ಸೆಕೆಂಡು ಇರಲಿಲ್ಲ.

ಬಿದ್ದಿದ್ದರೆ ಹೇಳಬಹುದಾಗಿತ್ತು. ಬಿದ್ದವನಿಗೆ ಒಂದು ಮರ್ಯಾದೆ ಇದೆ, ಕೈ ಬಿಟ್ಟವನಿಗೆ ಇಲ್ಲ. ಅಂಗಡಿಯಲ್ಲಿ ಪೆಟ್ರೋಲಿನ ಚೀಟಿ ಹರಿಯುವ ಶ್ಯಾಮನನ್ನು ನೋಡಿದರೆ ಸಾಕು. ಎರಡು ವರ್ಷದ ಹಿಂದೆ ಅವನೂ ಇಲ್ಲಿನ ಸವಾರ. ಲೋಣಿಕಂದದಲ್ಲಿ ಹೆಂಡತಿಯ ತವರಿನವರೆಲ್ಲ ಹಾರ ಹಿಡಿದು ರಸ್ತೆಯ ಬದಿಗೆ ನಿಂತಿದ್ದರು. ಕೈ ಬೀಸದಿದ್ದರೆ ಅಳಿಯನಿಗೆ ಸೊಕ್ಕು ಅನ್ನುತ್ತಾರೆಂದು ಬೀಸಿದ. ಆ ರೇಸು ಗೆದ್ದ ಕೂಡ. ಗೆದ್ದ ಮರುದಿನ ಅವಧೂತರಾಯರು ಗಾಡಿಯ ಕೀಲಿಕೈ ಕಸಿದುಕೊಂಡು ಚೀಟಿಯ ಪುಸ್ತಕ ಕೊಟ್ಟರು. ಕೈ ಬಿಟ್ಟವನು ಗಾಡಿ ಬಿಟ್ಟ. ಅಂಗಡಿಯ ಕಾನೂನು ಅಷ್ಟು ಚಿಕ್ಕದು. ಮಾವನ ಮನೆಗೆ ಕೈ ಬೀಸಿದ್ದು ಲಿಂಗ ಮುಟ್ಟಿದ್ದಕ್ಕಿಂತ ಗೌರವದ ಕಾರಣವೋ ಅಲ್ಲವೋ ಎಂದು ಯೋಚಿಸುತ್ತ ಅವನು ಕ್ಯಾಂಪಿನ ಈಸ್ಟ್ ಸ್ಟ್ರೀಟಿಗೆ ತಿರುಗಿದ. ತಿರುಗುವಾಗ ಎರಡೂ ಕೈಗಳಿಂದ ಸೈಕಲ್ಲನ್ನು ಬಿಗಿಯಾಗಿ ಹಿಡಿದಿದ್ದ.

ಹೊಸ ಮೆಕ್ಯಾನಿಕನ ಜೊತೆ ಕಾತ್ರಜ ಘಾಟಿನ ರೇಸಿಗೆ ಗೇರು ಸರಿಮಾಡುವುದರಲ್ಲಿ ಒಂದೂವರೆ ಗಂಟೆ ಹೋಯಿತು. ಭಾನುವಾರದ ರೇಸು ಅದು, ಕೆಳಗಿನಿಂದ ಸುರಂಗದ ತನಕ ಏರು. ಹೊಸಬ ಒಳ್ಳೆಯವನು, ಎಲ್ಲದಕ್ಕೂ ಹೌದು ಅನ್ನುತ್ತಿದ್ದ. ಏಕನಾಥ ಯಾವುದಕ್ಕೂ ಹೌದು ಅಂದವನಲ್ಲ. ಹತ್ತೂ ಹದಿನೈದಕ್ಕೆ ರಾಮಲಿಂಗಪ್ಪ ಕೈ ಒರೆಸಿಕೊಂಡು, ಎರಡು ಸಲ ಒರೆಸಿಕೊಂಡು, ಮುಂದಿನ ಅಂಗಡಿಗೆ ಬಂದ. ಏಕನಾಥ ಸ್ಟೂಲಿನ ಮೇಲೆ ಕುಳಿತು, ಗಾಳಿ ತುಂಬಿದ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ತಿರುಗಿಸುತ್ತ ಗುಳ್ಳೆ ಹುಡುಕುತ್ತಿದ್ದ. ಪಕ್ಕದಲ್ಲಿ ಅವನ ಹತಾರಗಳ ಪೆಟ್ಟಿಗೆ, ಹಗ್ಗ ಕಟ್ಟಿದ್ದು. ಮನುಷ್ಯನಿಗೆ ನಲವತ್ತೆಂಟು, ಮೀಸೆಗೆ ಅರವತ್ತು. ತಾಯಿ ನಿಪ್ಪಾಣಿಯವಳಾದ್ದರಿಂದ ರಾಮಲಿಂಗಪ್ಪನ ಜೊತೆ ಅವನದು ಕನ್ನಡ.

"ಹೊಂಟೀರೇನು ಏಕನಾಥಮಾಮಾ?"

"ಇಲ್ಲ, ಈ ಪೆಟಿಗಿಗೆ ಹಗ್ಗ ಕಟ್ಟಿದರ ಚಂದ ಕಾಣತದ ಅಂತ ಕಟ್ಟೀನಿ."

ರಾಮಲಿಂಗಪ್ಪ ನಿಂತ. ಗುಳ್ಳೆ ಕಾಣಲಿಲ್ಲ, ಏಕನಾಥ ಟ್ಯೂಬನ್ನು ಇನ್ನೊಂದು ಗೇಣು ತಿರುಗಿಸಿದ.

"ಭೋರಾಗ ಥಂಡಿ ಭಾಳ ಅಂತಾರ," ಅಂದ ರಾಮಲಿಂಗಪ್ಪ.

"ಹಾಂ."

"ಬಸ್ಸಿನ ಎಂಜಿನ್ನು ದೊಡ್ಡದಿರತದ."

"ದೊಡ್ಡದಿರತದ. ನಾಲ್ಕು ಗಾಲಿ ಸುದ್ದಾ ಇರತಾವಂತ." ಏಕನಾಥ ತಲೆಯೆತ್ತಿ ನೋಡಿದ. "ಅರೇ, ಏನರೆ ಹೇಳಾಕ ಬಂದಿಯೋ, ಭೂಗೋಳ ಕೇಳಾಕ ಬಂದಿಯೋ?"

ಟ್ಯೂಬಿನಲ್ಲಿ ಗುಳ್ಳೆಯೊಂದು ಎದ್ದಿತು. ಸಣ್ಣದು, ಸಾಸಿವೆಯಷ್ಟು, ಒಂದರ ಹಿಂದೆ ಒಂದು. ಇಬ್ಬರೂ ಅದನ್ನೇ ನೋಡಿದರು. "ಕಾರ್ಬುರೇಟರ್ ಸ್ವಚ್ಛ ಇತ್ತರಿ ಮಾಮಾ," ಅಂದ ರಾಮಲಿಂಗಪ್ಪ. ಹೇಳಿದ ಮೇಲೆ ಏನೂ ಆಗಲಿಲ್ಲ. ಬೀದಿಯಲ್ಲಿ ಟಾಂಗಾ ಹೋಯಿತು. ಏಕನಾಥ ತೂತಿನ ಜಾಗಕ್ಕೆ ಬೆರಳು ಒತ್ತಿ, ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ಗುರುತು ಹಾಕಿದ.

"ಹೌದ? ನನಗ ಗೊತ್ತ ಇರಲಿಲ್ಲ ನೋಡು," ಅಂದ. "ಆವತ್ತ ಸಂಜಿಗೆ ಬಿಚ್ಚಿದವ ನಾನಽ. ಗಂಗಾಳ ತೊಳದಿಟ್ಟಂಗ ಇತ್ತು. ಅಲ್ಲೋ, ನೀ ಎದಿ ಮ್ಯಾಲ ಐದು ಬೆರಳ ಛಾಪಾ ಹೊಡಕೊಂಡು ಶಿರೂರಿಗೆ ಬಂದು ಇಳದಿ. ಕ್ಲಚ್ ಕೇಬಲ್ಲಿಗೆ ಗ್ರೀಸ್ ಹಚ್ಚಿ ಕೈ ಒರಸ್ಕೋ ಅಂದ್ರ ಒರಸ್ಕೊಂಡಿರಲಿಲ್ಲ. ಯಾವ ಕೈ, ಎಲ್ಲಿ ಮುಟ್ಟಿತ್ತು, ಎಲ್ಲಾ ಎದಿ ಮ್ಯಾಲ ಬರದಿತ್ತು. ನಿನಗ ನೀರು ಕೊಟ್ಟಾಗ ಓದಿದೆ."

"ಮತ್ತ ಹೇಳಲಿಲ್ಲ ಯಾಕ್ರಿ?"

"ನಿನ್ನ ಕೈ, ನಿನ್ನ ದೇವರು. ನಡುವ ನಾ ಯಾರು? ನೀ ಹೇಳತಿ ಅಂತ ಕಾದೆ. ಹದಿನಾರು ದಿವಸಾ ಪಂಕ್ಚರ್ ತಿದ್ದಿದೆ. ಒಂದು ಲಾಭ ಆತು ನೋಡು, ಪುಣೇದ ಮುಳ್ಳೆಲ್ಲಾ ಪರಿಚಯ ಆದವು." ಏಕನಾಥ ಮರಳುಕಾಗದದಿಂದ ರಬ್ಬರನ್ನು ಉಜ್ಜತೊಡಗಿದ. ಸಿಟ್ಟಿದೆಯೋ ಇಲ್ಲವೋ ಅವನ ಮುಖದಲ್ಲಿ ಹುಡುಕುವುದು ಕಷ್ಟ, ಮೀಸೆ ಅಡ್ಡ. "ನನ್ನ ಮುಂದ ಹೇಳಿದಿ, ಹಗುರ ಆದಿ. ಭಾಳ ಛಲೋ. ಆದರ ನನಗಿದು ಮೊದಲಽ ಗೊತ್ತಿತ್ತಲ್ಲ? ಗೊತ್ತಿದ್ದವನ ಮುಂದ ಹೇಳಿದ್ದು ಲೆಕ್ಕಕ್ಕ ಇಲ್ಲ." ಸೈಕಲ್ ಪಂಪನ್ನು ಎತ್ತಿ ಅವಧೂತರಾಯರ ಗಾಜಿನ ಕೋಣೆಯತ್ತ ತೋರಿಸಿದ. "ಗೊತ್ತಿಲ್ಲದವರು ಅಲ್ಲಿ ಕೂತಾರ."

ಹತ್ತೂ ಮೂವತ್ತೈದು. ಗಾಜಿನ ಕೋಣೆಗೆ ಇಪ್ಪತ್ತೆರಡು ಹೆಜ್ಜೆ. ಅಷ್ಟು ಹೆಜ್ಜೆಯಲ್ಲಿ ಅವನು ಹನ್ನೊಂದು ವರ್ಷದ ರೇಸುಗಳನ್ನೆಲ್ಲ ದಾಟಿದ, ಮೊದಲ ಕಪ್ಪನ್ನು ಊರಿಗೆ ಒಯ್ದಾಗ ಅಪ್ಪ ಶಿವರುದ್ರಪ್ಪ ಅದರಲ್ಲಿ ನೀರು ಕುಡಿದು ನೋಡಿ, "ಸೋರೂದಿಲ್ಲ, ಚಲೋ ಅದ," ಅಂದದ್ದನ್ನು ದಾಟಿದ, ಚೀಟಿಯ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದ ಶ್ಯಾಮನನ್ನು ದಾಟಿದ. ಶ್ಯಾಮ ಹೊರಗೆ ಹೋಗಲಿ ಅನಿಸಿತು, ಹೋಗಲಿಲ್ಲ. ಅವಧೂತರಾಯರು ಬೆಳಗಾವಿಯಲ್ಲಿ ಹನ್ನೆರಡು ವರ್ಷ ಇದ್ದವರು. ಸಿಟ್ಟು ಬಂದರೆ ಮರಾಠಿ, ಲೆಕ್ಕಕ್ಕೆ ಇಂಗ್ಲಿಷ್, ಸಮಾಧಾನದಲ್ಲಿದ್ದರೆ ಕನ್ನಡ. ಯಾವ ಭಾಷೆ ಬರುತ್ತದೋ ಎಂದು ಕಾಯುತ್ತ ಅವನು ಎಲ್ಲ ಹೇಳಿದ. ಕಾರಣವನ್ನೂ ಹೇಳಿದ, ಕಾರಣ ಹೇಳುವಾಗ ಕೈ ಎದೆಗೆ ಹೋಯಿತು, ಅದನ್ನು ಅರ್ಧದಲ್ಲೇ ಹಿಡಿದು ಕೆಳಗೆ ಇಳಿಸಿದ.

ಅವಧೂತರಾಯರು ಕನ್ನಡಕ ತೆಗೆದರು. ಕಾಗದದ ಮೇಲೆ ಏನೋ ಗೀಚಿದರು, ತುಟಿ ಇಂಗ್ಲಿಷಿನಲ್ಲಿ ಅಲುಗಿತು. ಅರವತ್ತು ಮೈಲಿಯ ವೇಗದಲ್ಲಿ ಒಂದು ಸೆಕೆಂಡಿಗೆ ಎಂಬತ್ತೆಂಟು ಅಡಿ. "ಕೈ ಎಷ್ಟು ಹೊತ್ತು ಬಿಟ್ಟಿದ್ದಿ?"

"ಎರಡು ಸೆಕೆಂಡು ಇರಬೇಕ್ರಿ."

"ನೂರಾ ಎಪ್ಪತ್ತಾರು ಅಡಿ," ಅಂದರು ಅವರು. "ತಿರುವಿನಾಗ. ಒಂದ ಕೈಲೆ." ಬಾಗಿಲ ಹತ್ತಿರ ಶ್ಯಾಮ ಸಣ್ಣಗೆ ಸಿಳ್ಳು ಹಾಕಿದ, ಹಾಕಿ ಕೆಮ್ಮಿದ ಹಾಗೆ ಮಾಡಿದ. ಆಮೇಲೆ ಮರಾಠಿ ಬಂತು. ಪೂರ್ತಿ ಐದು ನಿಮಿಷ ಬಂತು. ಏಕನಾಥನ ಹದಿನಾರು ವರ್ಷದ ಹೆಸರಿನ ಬಗ್ಗೆ, ಸುಳ್ಳು ಹೇಳುವ ಬಾಯಿ ಮತ್ತು ಹ್ಯಾಂಡಲ್ ಬಿಡುವ ಕೈ ಇವೆರಡರಲ್ಲಿ ಯಾವುದು ಹೆಚ್ಚು ಅಪಾಯ ಎಂಬುದರ ಬಗ್ಗೆ. ರಾಮಲಿಂಗಪ್ಪ ಕೇಳುತ್ತ ನಿಂತ. ಬೈಗುಳು ಒಂದೊಂದೂ ತಲೆಯ ಮೇಲೆ ಬಿದ್ದು ಜಾರಿ ಹೋಗುತ್ತಿತ್ತು; ಸೋಜಿಗವೆಂದರೆ ಹಸಿವಾಗತೊಡಗಿತ್ತು. ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ರೊಟ್ಟಿ ನೆನಪಾಯಿತು.

ಕೊನೆಗೆ ಕನ್ನಡ ಬಂತು. "ಕಾನೂನು ನಿನಗ ಗೊತ್ತದ. ಭಾನುವಾರ ಕಾತ್ರಜಕ್ಕ ಶ್ಯಾಮ ಓಡಸ್ತಾನ. ಆ ಪುಸ್ತಕ ಇವನ ಕೈಯಾಗ ಕೊಡೋ ಶ್ಯಾಮ. ಏಪ್ರಿಲ್‌ದಾಗ ಶಿರೂರಿಂದು ಮತ್ತ ಬರತದ, ಆವಾಗ ನೋಡೂಣು. ಏಕನಾಥ ಎಲ್ಲಿ?"

ಏಕನಾಥ ಬಾಗಿಲಲ್ಲೇ ಇದ್ದ. ಕೈಯಲ್ಲಿ ಒಂದು ಹಳೆಯ ಮೋಟರ್ ಟ್ಯೂಬಿನಿಂದ ಕತ್ತರಿಸಿದ ಅಗಲವಾದ ಪಟ್ಟಿ ಇತ್ತು. ಒಂದು ತುದಿಗೆ ಬಕ್ಕಲ್, ನಡುವೆ ಅಂಗೈಯಷ್ಟು ಚೀಲ. ಅದರ ಹೊಲಿಗೆ ಇಂದಿನದಲ್ಲ. ಎಷ್ಟು ದಿನದಿಂದ ಸ್ಟೂಲಿನ ಕೆಳಗೆ ಇತ್ತೋ. "ಎದಿಗೆ ಕಟ್ಟಿಕೋ. ಕರಡಿಗಿ ಇದರಾಗ ಕುಂತರ ಗಾಡಿ ಪಲ್ಟಿ ಹೊಡದರೂ ಅಲ್ಲಾಡೂದಿಲ್ಲ," ಅಂದ. "ಚರ್ಮದ್ದು ಮಾಡಿದ್ದೆ ಮೊದಲ. ನಿಮ್ಮ ಮನಿಯಾಕಿ ಚರ್ಮಾ ನಡಿಯೂದಿಲ್ಲ ಅಂದರು. ರಬ್ಬರ್ ನಡೀತದಂತ, ಅದು ಗಿಡದ ಹಾಲು."

"ಸಾವಂತ್ರಿನ ಯಾವಾಗ ಕೇಳಿದ್ರಿ?"

"ಹೋದ ಸೋಮವಾರ ಬಂದಿದ್ದರು, ಗ್ರೀಸಿನ ಕಲಿ ಹೆಂಗ ತಗೀಬೇಕು ಅಂತ ಕೇಳಾಕ. ಪೆಟ್ರೋಲಿನಾಗ ಅದ್ದಿದರ ಒಂದ ಸಲಕ್ಕ ಹೋಗತದ ಅಂತ ಹೇಳಿದೆ. ಹೋಗೂದು ಬ್ಯಾಡ ಬಿಡ್ರಿ, ಅವರು ತಾವಽ ನೋಡಿ ನೋಡಿ ಹೇಳಲಿ ಅಂತ ಸೋಡಾದಾಗಽ ಒಗಿತೀನಿ ಅಂದರು."

ಅವಧೂತರಾಯರು ಕನ್ನಡಕ ಹಾಕಿಕೊಂಡು ಗೋಡೆಯ ಗಡಿಯಾರ ನೋಡಿದರು. ಹನ್ನೊಂದಕ್ಕೆ ಎಂಟು ನಿಮಿಷ. ಏಕನಾಥ ಹೋಗಿ ಪೆಟ್ಟಿಗೆಯ ಹಗ್ಗ ಬಿಚ್ಚಿದ, ಬಿಚ್ಚಿದ ಹಗ್ಗವನ್ನು ಸುತ್ತಿ ಜೇಬಿಗೆ ಇಟ್ಟುಕೊಂಡ. ರಾಮಲಿಂಗಪ್ಪ ಚೀಟಿಯ ಪುಸ್ತಕ ಹಿಡಿದು ಪೆಟ್ರೋಲ್ ಪಂಪಿನ ಹತ್ತಿರ ನಿಂತ. ಮೊದಲು ಬಂದ ಗಿರಾಕಿ ಅವನ ಗುರುತು ಹಿಡಿದು, ಕಾರ್ಬುರೇಟರ್ ಹೇಗಿದೆ ಎಂದು ಮರಾಠಿಯಲ್ಲಿ ಕೇಳಿದ. ಅದಕ್ಕೆ ಎಂದೂ ಏನೂ ಆಗಿರಲಿಲ್ಲ ಎಂದು ರಾಮಲಿಂಗಪ್ಪ ಹೇಳಿದ, ಎರಡು ಗ್ಯಾಲನ್ ಬರೆದುಕೊಟ್ಟ.

ಭಾನುವಾರ ಕಾತ್ರಜದಲ್ಲಿ ಶ್ಯಾಮ ಮೂರನೆಯವನಾಗಿ ಬಂದ, ಎರಡೂ ಕೈ ಹ್ಯಾಂಡಲಿನ ಮೇಲೆಯೇ ಇದ್ದವು. ಅವನ ಮಾವನ ಮನೆಯವರು ಸಿಟ್ಟಾದರು. ಏಪ್ರಿಲ್ ಹನ್ನೊಂದರಂದು ಶಿರೂರಿನ ರಸ್ತೆಯಲ್ಲಿ ರಾಮಲಿಂಗಪ್ಪ, ಎದೆಗೆ ರಬ್ಬರಿನ ಪಟ್ಟಿ ಕಟ್ಟಿಕೊಂಡು, ನಲವತ್ತೊಂದು ನಿಮಿಷ ಐದು ಸೆಕೆಂಡಿನಲ್ಲಿ ಮುಟ್ಟಿ ಮೊದಲನೆಯವನಾದ. ಸಂಜೆ ಏಕನಾಥ ಕಾರ್ಬುರೇಟರ್ ಬಿಚ್ಚಿದಾಗ ತಳದಲ್ಲಿ ಈ ಸಲ ನಿಜಕ್ಕೂ ಎಳ್ಳಿನಷ್ಟು ಕಸ ಇತ್ತು. ಅವನು ಅದನ್ನು ಕಾಗದದ ಮೇಲೆ ಇಟ್ಟುಕೊಂಡು, ಇಪ್ಪತ್ತೆರಡು ಹೆಜ್ಜೆ ನಡೆದು ಹೋಗಿ ಅವಧೂತರಾಯರಿಗೆ ತೋರಿಸಿದ.